ಸಣ್ಣ ನಾಯಿಗೆ ದೊರೆಯುವ ಎರಡೂವರೆ ಸೆಕೆಂಡು

ಒಂದೇ ಜಾತಿಗೆ ಸೇರಿದ ಪ್ರಾಣಿಗಳಲ್ಲಿ ಗಾತ್ರದ ಅಂತರ ಎಷ್ಟಿರಬಹುದು? ದನಗಳಲ್ಲಿಯೂ ಕುದುರೆಗಳಲ್ಲಿಯೂ ಅಂತರವುಂಟು. ಆದರೆ ನಾಯಿಯ ಮುಂದೆ ಅವು ಲೆಕ್ಕಕ್ಕೆ ಬಾರವು. ಎರಡು ಕಿಲೋಗ್ರಾಂ ತೂಗುವ ಚಿಹುವಾಹುವಾ ನಾಯಿಯೂ ಎಪ್ಪತ್ತು ಕಿಲೋಗ್ರಾಂ ಮೀರುವ ಮ್ಯಾಸ್ಟಿಫ್ ನಾಯಿಯೂ ಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಜಾತಿ. ಇದರಿಂದಾಗಿ ನಾವು ಒಂದು ತಪ್ಪು ಎಣಿಕೆಗೆ ಒಳಗಾಗುತ್ತೇವೆ. ಎರಡು ನಾಯಿಗಳು ಒಂದರ ಮೇಲೊಂದು ಬಿದ್ದುದನ್ನು ಕಂಡರೆ, "ನಾಯಿಗಳ ಜಗಳ, ತಾವಾಗಿಯೇ ಬಿಡಿಸಿಕೊಳ್ಳುತ್ತವೆ" ಎಂದು ನಡೆದುಬಿಡುತ್ತೇವೆ. ಸಮಬಲದ ನಾಯಿಗಳಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಆದರೆ ನಾಲ್ಕು ಕಿಲೋಗ್ರಾಮಿನ ನಾಯಿಯ ಎದುರಿಗೆ ಇಪ್ಪತ್ತನಾಲ್ಕು ಕಿಲೋಗ್ರಾಮಿನ ನಾಯಿ ನಿಂತರೆ ಅದನ್ನು ಜಗಳವೆನ್ನಲಾಗದು. ಅರುವತ್ತು ಕಿಲೋಗ್ರಾಂ ತೂಗುವ ವಾಚಕರು ಮುನ್ನೂರ ಅರುವತ್ತು ಕಿಲೋಗ್ರಾಮಿನ ಎದುರಾಳಿಯನ್ನು ಊಹಿಸಿಕೊಳ್ಳಲಿ. ಅವನ ಬಾಯಲ್ಲಿ ಕೋರೆಹಲ್ಲುಗಳಿವೆಯೆಂದೂ, ಅವನು ತಮ್ಮ ಎರಡರಷ್ಟು ವೇಗವಾಗಿ ಓಡುವನೆಂದೂ ಸೇರಿಸಿಕೊಳ್ಳಲಿ.

ಈ ವಿಷಯ ನಮಗೆ ಬರಿಯ ಪುಸ್ತಕದ ವಿಷಯವಲ್ಲ. ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಹೋಗುವ ದಾರಿಯಲ್ಲಿ, ಕರದಂಟಿಗೆ ಹೆಸರಾದ ಅಮೀನಗಡದ ಹತ್ತಿರ, ಕಮತಗಿ ಎಂಬ ನೇಕಾರರ ಊರಿದೆ. ಮಗ್ಗದ ಮನೆಗಳು ಒಂದರ ಗೋಡೆಗೊಂದು ಆತುಕೊಂಡು ನಿಂತ ಓಣಿಗಳು. ಮನೆಯ ಮುಂದೆ ಕಟ್ಟೆ, ಹಿಂದೆ ಹಿತ್ತಲು. ನಾವಿರುವ ಓಣಿಯಲ್ಲಿ ಒಬ್ಬರು ಹೊಲದ ಕಾವಲಿಗೆಂದು ಎರಡು ಬೇಟೆನಾಯಿಗಳನ್ನು ಸಾಕಿದ್ದಾರೆ. ಅವರದೇ ಸಾಲಿನ ನೇಕಾರರೊಬ್ಬರ ಮನೆಯ ಸಣ್ಣ ನಾಯಿಯನ್ನು ಒಂದು ದಿನ ಅವು ಕಟ್ಟೆಯ ಬದಿಯಲ್ಲಿಯೇ ಹಿಡಿದವು. ಜನ ಕೂಡಿ ಬಿಡಿಸಿದರು. ನೋಡಿದರೆ ಬೆನ್ನಿನ ಮೇಲೆ ಸಣ್ಣ ಎರಡು ತೂತು, ಅಷ್ಟೇ. ಅರಿಸಿನ ಹಚ್ಚಿ, ಹಾಲು ಕುಡಿಸಿ, ಉಳಿಯಿತೆಂದು ಮನೆಯವರು ಸಮಾಧಾನಪಟ್ಟರು. ಮೂರನೆಯ ದಿನ ಅದು ಸತ್ತಿತು. ನಮ್ಮ ಮನೆಯಲ್ಲಿಯೂ ಅಂಥದೇ ಒಂದು ಪ್ರಾಣಿ ಇರುವುದರಿಂದ, ಕಾಲೇಜಿನ ಬಿಡುವಿನಲ್ಲಿ ನಾವು ಅಳತೆಪಟ್ಟಿ ಹಿಡಿದು ಓಣಿಯನ್ನು ಅಳೆಯತೊಡಗಿದೆವು. ಆ ಅಳತೆಗಳ ಫಲವೇ ಈ ಲೇಖನ.

ಮೊದಲು ಎದುರಾಳಿಯ ಪರಿಚಯ ಬೇಕು. ನಮ್ಮ ಜಿಲ್ಲೆಯ ಮುಧೋಳದ ಹೆಸರನ್ನು ಹೊತ್ತ ಬೇಟೆನಾಯಿಯನ್ನು ವಾಚಕರು ಬಲ್ಲರು. ಉದ್ದ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಕೋಲಿನಂಥ ಕಾಲು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪೋಷಿಸಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಹೊರಡಿಸಿದ ನಾಯಿಗಳ ಅಂಚೆಚೀಟಿಗಳಲ್ಲಿ ಇದಕ್ಕೂ ಸ್ಥಾನ ದೊರೆಯಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವೇ ಇದೆ. ಇದು ಮೂಸಿ ಬೇಟೆಯಾಡುವ ನಾಯಿಯಲ್ಲ. ಕಂಡು ಬೆನ್ನಟ್ಟುವ ನಾಯಿ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದಿನ ಉಪಾಯಗಳೆಲ್ಲ ಇದರ ಮೇಲೆಯೇ ನಿಂತಿವೆ.

ಬೇಟೆನಾಯಿಯ ಶೌರ್ಯವನ್ನು ಕನ್ನಡಿಗರು ಹಿಂದಿನಿಂದಲೂ ಮೆಚ್ಚಿದವರು. ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿ ಕಾಳಿ ಎಂಬ ನಾಯಿಯ ಕಥೆಯಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಗಂಗರ ಬೂತುಗನಿಂದ ಬಹುಮಾನವಾಗಿ ಬೇಡಿ ಪಡೆದುದು ಈ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತು, ಕಲ್ಲಿನಲ್ಲಿ ಉಳಿಯಿತು. ಯಾವ ಗುಣಕ್ಕಾಗಿ ಕಾಳಿಗೆ ಕಲ್ಲು ನಿಲ್ಲಿಸಿದೆವೋ ಅದೇ ಗುಣವನ್ನು ಇಂದು ಓಣಿಯಲ್ಲಿ ಕಂಡು ದೂರುತ್ತಿದ್ದೇವೆ. ನೂರಾರು ತಲೆಮಾರು ಆರಿಸಿ ಆರಿಸಿ ಬೆಳೆಸಿದ ಸ್ವಭಾವ ಕಟ್ಟೆಯ ಮೇಲೆ ಕುಳಿತು ಗದರಿಸಿದ ಮಾತ್ರಕ್ಕೆ ಹೋಗುವುದಿಲ್ಲ.

ಹಾಗಾದರೆ ಆ ಸ್ವಭಾವ ಯಾವುದು? ಅದು ಸಿಟ್ಟಲ್ಲ. ಪ್ರಾಣಿವರ್ತನೆಯನ್ನು ಅಭ್ಯಸಿಸಿದವರು ಬೇಟೆಯನ್ನು ಒಂದು ಸರಪಳಿಯಾಗಿ ಕಾಣುತ್ತಾರೆ: ಕಣ್ಣು ನೆಡುವುದು, ಹೊಂಚುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಡಹಿ ಕೊಲ್ಲುವುದು. ಕುರಿ ಕಾಯುವ ನಾಯಿಯಲ್ಲಿ ಈ ಸರಪಳಿಯ ಕೊನೆಯ ಕೊಂಡಿಗಳು ಸಡಿಲವಾಗಿವೆ; ಕಂಡು ಬೆನ್ನಟ್ಟುವ ನಾಯಿಯಲ್ಲಿ ಓಡುವ ಕೊಂಡಿ ಬಹು ಬಿಗಿ. ಪುಟ್ಟದೊಂದು ಬಿಳಿಯ ವಸ್ತು ಹಠಾತ್ತನೆ ಓಡಿತೆಂದರೆ ಸರಪಳಿ ತಾನಾಗಿ ಎಳೆದುಕೊಳ್ಳುತ್ತದೆ; ಅದು ಮೊಲವೋ ಪಕ್ಕದ ಮನೆಯ ನಾಯಿಯೋ ಎಂಬ ವಿಚಾರ ಆಮೇಲಿನದು. ಇಂಥ ಓಟದಲ್ಲಿ ಬೊಗಳುವಿಕೆ ಇರುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಾವು ಪೂರ್ತಿ ನಂಬಲಾರೆವು. ಬೊಗಳುವ ನಾಯಿಯೂ ಕಚ್ಚೀತು. ಆದರೆ ಸದ್ದಿಲ್ಲದೆ ತಲೆ ತಗ್ಗಿಸಿ ದಿಟ್ಟಿಸುವ ನಾಯಿ ಸಣ್ಣ ನಾಯಿಯ ಪಾಲಿಗೆ ಅದಕ್ಕಿಂತ ಭಯಂಕರ. ಎರಡು ನಾಯಿಗಳು ಜೊತೆಗಿದ್ದರೆ ಒಂದರ ಓಟ ಇನ್ನೊಂದನ್ನು ಎಬ್ಬಿಸುತ್ತದೆ. ಒಂಟಿಯಾಗಿದ್ದಾಗ ಬಾಲವಾಡಿಸಿದ ನಾಯಿ ಜೊತೆ ಸಿಕ್ಕಾಗ ಬೇರೆಯೇ ಪ್ರಾಣಿ.

ಈಗ ಲೆಕ್ಕ. ಬೇಟೆನಾಯಿಯ ವೇಗವನ್ನು ಸೆಕೆಂಡಿಗೆ 12 ಮೀಟರು ಎಂದಿಟ್ಟುಕೊಳ್ಳೋಣ. ಗಂಟೆಗೆ ಸುಮಾರು 43 ಕಿಲೋಮೀಟರು, ಈ ಬಗೆಯ ನಾಯಿಗೆ ಇದು ಅತಿಶಯವೇನೂ ಅಲ್ಲ. ನಮ್ಮ ಬಾಗಿಲಿನಿಂದ ಓಣಿಯ ತಿರುವಿಗೆ 30 ಮೀಟರು. ನಾಯಿ ಓಡುತ್ತಲೇ ತಿರುವಿನಲ್ಲಿ ಕಾಣಿಸಿಕೊಂಡರೆ ನಮ್ಮ ಕಾಲ ಬಳಿಗೆ ಬರಲು ಎರಡೂವರೆ ಸೆಕೆಂಡು ಸಾಕು. ಈ ಅವಧಿಯಲ್ಲಿ ನಾವು ಮಾಡಬೇಕಾದುದೇನು? ಕಾಣಬೇಕು, ಕಂಡುದನ್ನು ಗ್ರಹಿಸಬೇಕು, ಏನು ಮಾಡುವುದೆಂದು ನಿಶ್ಚಯಿಸಬೇಕು. ಇದಕ್ಕೆ ಚುರುಕಾದವನಿಗೂ ಒಂದು ಸೆಕೆಂಡು ಹಿಡಿಯುತ್ತದೆ. ಬಾಗಿ, ನಾಯಿಯನ್ನು ಹಿಡಿದು, ಎತ್ತಿ, ನಿಲ್ಲಲು ಇನ್ನೂ ಒಂದೂವರೆ ಸೆಕೆಂಡು. ಇದನ್ನು ನಾವು ಗಡಿಯಾರ ಹಿಡಿದು ಹತ್ತಾರು ಸಲ ಅಳೆದು ನೋಡಿದ್ದೇವೆ. ಕೂಡಿದರೆ ಎರಡೂವರೆ ಸೆಕೆಂಡು. ಉಳಿಕೆ ಸೊನ್ನೆ! ನಮ್ಮ ನಾಯಿ ಉದ್ದನೆಯ ಹಗ್ಗದ ತುದಿಯಲ್ಲಿ ಐದು ಮೀಟರು ಮುಂದೆ ಹೋಗಿದ್ದರೆ ಲೆಕ್ಕ ಸಾಲಕ್ಕೆ ಇಳಿಯುತ್ತದೆ. ನಡೆಯುವಾಗ ಕೈಯಲ್ಲಿರುವ ದೂರವಾಣಿಯನ್ನು ನೋಡುತ್ತಿದ್ದರೆ ಲೆಕ್ಕ ಹಾಕುವುದೇ ವ್ಯರ್ಥ.

ತಲುಪಿದ ಮೇಲೆ ಏನಾಗುತ್ತದೆ? ಕಚ್ಚುವ ಮಾತು ಹಾಗಿರಲಿ, ಬರಿಯ ಡಿಕ್ಕಿಯನ್ನೇ ನೋಡೋಣ. 24 ಕಿಲೋಗ್ರಾಮಿನ ನಾಯಿ 12 ಮೀಟರು ವೇಗದಲ್ಲಿ ಬಂದು, ನಿಂತಿರುವ 4 ಕಿಲೋಗ್ರಾಮಿನ ನಾಯಿಯನ್ನು ಬಡಿದು, ಎರಡೂ ಒಂದಾಗಿ ಮುಂದೆ ಸಾಗಿದವೆನ್ನಿ. ಸಂವೇಗ ನಷ್ಟವಾಗದು ಎಂಬ ನಿಯಮದಂತೆ ಅವುಗಳ ಕೂಡುವೇಗ ಸೆಕೆಂಡಿಗೆ 10 ಮೀಟರಿಗೆ ತುಸು ಮೇಲು. ಎಂದರೆ ದೊಡ್ಡ ನಾಯಿಗೆ ಓಟ ಕೊಂಚ ತಗ್ಗಿತು, ಅಷ್ಟೇ; ಸಣ್ಣ ನಾಯಿಯೋ ಸೊನ್ನೆಯಿಂದ ಹತ್ತಕ್ಕೆ ಕ್ಷಣಾರ್ಧದಲ್ಲಿ ಎಸೆಯಲ್ಪಟ್ಟಿತು. ಐದು ಮೀಟರಿಗಿಂತ ಎತ್ತರದ ಮಾಳಿಗೆಯಿಂದ ಬಿದ್ದ ಪ್ರಾಣಿ ನೆಲ ಮುಟ್ಟುವಾಗ ಪಡೆಯುವ ವೇಗವೂ ಇಷ್ಟೇ. ಇದು ಅತ್ಯಂತ ಕಠಿಣ ಡಿಕ್ಕಿಯ ಲೆಕ್ಕ. ಸಾಮಾನ್ಯವಾಗಿ ಬೇಟೆನಾಯಿ ಕೊನೆಯಲ್ಲಿ ತುಸು ತಡೆದುಕೊಂಡು ಬಾಯಿ ಹಾಕುತ್ತದೆ. ಆದರೆ ಬಾಯಿ ಹಾಕಿದ ಮೇಲೆ ಕೊಡಹುತ್ತದೆ. ದೇಹ ಅತ್ತ, ತಲೆ ಇತ್ತ ತೂಗುವಾಗ ಬೆನ್ನೆಲುಬಿನ ಮೇಲೂ ಎದೆಗೂಡಿನ ಮೇಲೂ ಬೀಳುವ ಎಳೆತವೇ ಹಲ್ಲಿಗಿಂತ ಹೆಚ್ಚು ಕೊಲ್ಲುವಂಥದು.

ನೇಕಾರರ ಮನೆಯ ನಾಯಿ ಏಕೆ ಸತ್ತಿತೆಂಬುದಕ್ಕೆ ಇಲ್ಲಿಯೇ ಉತ್ತರ ಹುಡುಕಬೇಕು. ನಾಯಿಯ ಚರ್ಮ ಸಡಿಲ. ಹಲ್ಲು ನೆಟ್ಟಾಗ ಚರ್ಮ ಹಲ್ಲಿನೊಡನೆ ಜಾರುತ್ತದೆ, ಹರಿಯುವುದಿಲ್ಲ. ಅದರ ಕೆಳಗಿನ ಮಾಂಸಖಂಡ, ಪಕ್ಕೆಲುಬು, ಶ್ವಾಸಕೋಶ, ಕರುಳು ಹೀಗೆ ಜಾರಲಾರವು. ಅವು ಹರಿಯುತ್ತವೆ, ಜಜ್ಜಿಹೋಗುತ್ತವೆ. ಮೇಲೆ ತೂತು ಎರಡು, ಒಳಗೆ ಹಾಳು ಮನೆ. ಪಶುವೈದ್ಯರು ಈ ಗಾಯವನ್ನು ನೀರಿನಲ್ಲಿ ತೇಲುವ ಹಿಮದ ಗಡ್ಡೆಗೆ ಹೋಲಿಸುತ್ತಾರೆ. ಹಲ್ಲಿನೊಡನೆ ಒಳಹೊಕ್ಕ ರೋಗಾಣುಗಳು ಜಜ್ಜಿದ ಮಾಂಸದಲ್ಲಿ ಎರಡು ಮೂರು ದಿನಗಳಲ್ಲಿ ಬೆಳೆಯುತ್ತವೆ. ಆದುದರಿಂದ ದೊಡ್ಡ ನಾಯಿಯ ಬಾಯಿಗೆ ಸಿಕ್ಕ ಸಣ್ಣ ನಾಯಿ ಎದ್ದು ನಡೆದರೂ, ಹಾಲು ಕುಡಿದರೂ, ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯತಕ್ಕದ್ದು. ಎದೆಯ ಕ್ಷಕಿರಣ ಚಿತ್ರ ತೆಗೆಯದೆ ಗಾಯ ಸಣ್ಣದೆಂದು ಯಾರೂ ಹೇಳಬಾರದು. ಬಿಡಿಸಲು ಹೋದವರಿಗೆ ಹಲ್ಲು ತಾಗಿದ್ದರೆ ಹುಚ್ಚುನಾಯಿ ರೋಗದ ಭಯವೂ ಉಂಟು; ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಎರಡೂವರೆ ಸೆಕೆಂಡಿನಲ್ಲಿ ಗೆಲ್ಲಲಾಗದ ಆಟವನ್ನು ಆ ಎರಡೂವರೆ ಸೆಕೆಂಡು ಆರಂಭವಾಗುವುದಕ್ಕೆ ಮೊದಲೇ ಗೆಲ್ಲಬೇಕು. ಸರಪಳಿಯ ಮೊದಲ ಕೊಂಡಿ ಕಣ್ಣು ನೆಡುವುದು ಎಂದೆವಲ್ಲವೆ? ಅದನ್ನೇ ಕತ್ತರಿಸಬೇಕು.

ಬೇಟೆನಾಯಿಯ ಕಣ್ಣು ನಮ್ಮ ಕಣ್ಣಿನಂತಲ್ಲ. ನಿಂತ ವಸ್ತುವಿನ ವಿವರ ಅದಕ್ಕೆ ನಮ್ಮಷ್ಟು ಸ್ಪಷ್ಟವಾಗಿ ಕಾಣದು. ಬಣ್ಣಗಳಲ್ಲಿ ನೀಲಿ ಹಳದಿಗಳ ಭೇದ ತಿಳಿದೀತು, ಕೆಂಪು ಹಸುರುಗಳದು ತಿಳಿಯದು. ಆದರೆ ಚಲನೆಯನ್ನು ಹಿಡಿಯುವುದರಲ್ಲಿ ಅದು ನಮ್ಮನ್ನು ಮೀರಿಸುತ್ತದೆ. 2004ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಕುತೂಹಲದ ಒಂದು ಸಂಗತಿಯನ್ನು ಪ್ರಕಟಿಸಿದರು: ಉದ್ದ ಮೂತಿಯ ನಾಯಿಗಳ ಅಕ್ಷಿಪಟದಲ್ಲಿ ನರಕೋಶಗಳು ಅಡ್ಡಡ್ಡವಾಗಿ ಒಂದು ಪಟ್ಟಿಯಂತೆ ದಟ್ಟೈಸಿರುತ್ತವೆ, ಮೊಂಡು ಮೂತಿಯವುಗಳಲ್ಲಿ ಅವು ಒಂದೆಡೆ ಚುಕ್ಕೆಯಂತೆ ಕೂಡಿರುತ್ತವೆ. ಬಯಲಿನ ಅಂಚಿನುದ್ದಕ್ಕೂ ಎಲ್ಲಿ ಏನು ಅಲುಗಿದರೂ ಕಾಣಬೇಕಾದ ಪ್ರಾಣಿಗೆ ತಕ್ಕ ಕಣ್ಣು ಇದು. ಹೀಗಿರುವಲ್ಲಿ ನೆರೆಮನೆಗೂ ನಮಗೂ ನಡುವೆ ತಂತಿಬಲೆಯನ್ನು ಕಟ್ಟುವುದೆಂದರೆ ಆಟದ ಮೈದಾನಕ್ಕೆ ಕಿಟಕಿ ಇಟ್ಟಂತೆ. ನಾಯಿ ದಿನವಿಡೀ ನೋಡುತ್ತದೆ, ಬಲೆಯ ಉದ್ದಕ್ಕೂ ಓಡುತ್ತದೆ, ಹಿಡಿಯಲಾರದೆ ಕೆರಳುತ್ತದೆ. ಬಾಗಿಲು ತೆರೆದ ದಿನ ಕೂಡಿಟ್ಟುದನ್ನೆಲ್ಲ ತೀರಿಸುತ್ತದೆ. ಅರೆಪಾರದರ್ಶಕವಾದ ಗಟ್ಟಿ ಬೇಲಿಗಿಂತ ಏನೂ ಕಾಣಿಸದ ಸಾಧಾರಣ ತಟ್ಟಿ ಮೇಲು. ಹಳೆಯ ಚೀಲಗಳನ್ನು ಬಿಚ್ಚಿ ಹೊಲಿದು ತಂತಿಬಲೆಗೆ ಕಟ್ಟಿದರೂ ಅರ್ಧ ಕೆಲಸವಾಯಿತು.

ಉಳಿದರ್ಧ ಎತ್ತರದ್ದು. ನೆಗೆಯುವಾಗ ದೇಹದ ಗುರುತ್ವಕೇಂದ್ರ ಎಷ್ಟು ಮೇಲೇರುವುದೆಂಬುದು ಮೇಲ್ಮುಖ ವೇಗದ ವರ್ಗವನ್ನು ಅವಲಂಬಿಸಿದೆ. ಆ ವೇಗ ಸೆಕೆಂಡಿಗೆ 4.5 ಮೀಟರು ಇದ್ದರೆ ಏರಿಕೆ ಸುಮಾರು ಒಂದು ಮೀಟರು. ನಿಂತಾಗಲೇ ಗುರುತ್ವಕೇಂದ್ರ ಅರ್ಧ ಮೀಟರು ಮೇಲಿರುತ್ತದೆ. ಒಟ್ಟು ಒಂದೂವರೆ ಮೀಟರು, ಎಂದರೆ ಐದು ಅಡಿ. ನಾಲ್ಕು ಅಡಿ ಗೋಡೆ ಬೇಟೆನಾಯಿಗೆ ಹೊಸ್ತಿಲಿದ್ದಂತೆ. ಆರು ಅಡಿ ಬೇಕು. ಜೊತೆಗೆ ಗೋಡೆಯ ಮೈ ನಯವಾಗಿರಬೇಕು. ನಮ್ಮ ಸೀಮೆಯ ಒರಟು ಕಲ್ಲಿನ ಗೋಡೆಗಳು ಕಣ್ಣಿಗೆ ಚೆಂದ, ಆದರೆ ಪ್ರತಿಯೊಂದು ಸಂದೂ ನಾಯಿಯ ಪಂಜಕ್ಕೆ ಮೆಟ್ಟಿಲು. ನೆರೆಯವರ ಕಡೆಯ ಮುಖಕ್ಕೆ ಗಾರೆ ಬಳಿದರೆ ಮೆಟ್ಟಿಲು ಅಳಿಯುತ್ತದೆ. ಗೋಡೆಗೆ ಒರಗಿಸಿದ ಕಟ್ಟಿಗೆಯ ರಾಶಿ, ಮುರಿದ ಮಗ್ಗದ ಮರ, ಕಸದ ಗುಡ್ಡೆ ಇವೆಲ್ಲ ಏಣಿಗಳೇ. ನೆಗೆತಕ್ಕೆ ಬೇಕಾದ ವೇಗ ಓಡಿಬರುವುದರಿಂದ ಹುಟ್ಟುತ್ತದೆ. ಗೋಡೆಯ ಮುಂದೆ ಎರಡು ಹೆಜ್ಜೆ ಅಗಲದ ಗಿಡಗಳ ಪಟ್ಟಿ ಇದ್ದರೆ ಓಟಕ್ಕೆ ಎಡೆಯಿಲ್ಲ.

ಗೇಟಿನ ವಿಷಯವನ್ನು ಜನ ಮರೆಯುತ್ತಾರೆ. ಸಣ್ಣ ನಾಯಿಗೆ ಸರಳುಗಳ ನಡುವೆ ಮೂತಿ ತೂರಿಸುವ ಚಟ. ಆಚೆಯ ಬಾಯಿಗೆ ಅದೇ ಮೊದಲ ತುತ್ತು. ಗೇಟಿನ ಕೆಳಗಿನ ಮೂರು ಅಡಿಗೆ ತಗಡು ಹೊಡೆಸುವುದು ಅಗ್ಗದ ರಕ್ಷಣೆ. ಸಾಧ್ಯವಿದ್ದರೆ ಒಳಗೊಂದು ಸಣ್ಣ ಬಾಗಿಲನ್ನು ಇಟ್ಟು, ಒಂದು ಮುಚ್ಚದೆ ಇನ್ನೊಂದು ತೆರೆಯಬಾರದೆಂದು ಮನೆಯ ಮಕ್ಕಳಿಗೆ ಕಲಿಸಬೇಕು.

ಗೋಡೆಯಿಂದ ಇನ್ನೊಂದು ಲಾಭವುಂಟು. ಸಣ್ಣ ನಾಯಿಯ ದನಿ ಕೀರಲು. ಸೆಕೆಂಡಿಗೆ 2000 ಕಂಪನಗಳಿರುವ ದನಿಯ ಅಲೆಯುದ್ದ ಸುಮಾರು 17 ಸೆಂಟಿಮೀಟರು. 200 ಕಂಪನಗಳ ಗಡಸು ದನಿಯದು ಅದರ ಹತ್ತರಷ್ಟು. ತನ್ನ ಅಲೆಯುದ್ದಕ್ಕಿಂತ ಬಹು ದೊಡ್ಡದಾದ ಅಡ್ಡಿಯನ್ನು ಅಲೆ ಸುತ್ತಿ ಹೋಗಲಾರದು. ಅದರ ಹಿಂದೆ ನೆರಳು ಬೀಳುತ್ತದೆ. ಆರು ಅಡಿ ಗೋಡೆ ದೊಡ್ಡ ನಾಯಿಯ ಗುಡುಗನ್ನು ತಡೆಯದು, ಸಣ್ಣ ನಾಯಿಯ ಕೀರಲನ್ನು ಚೆನ್ನಾಗಿ ತಗ್ಗಿಸುತ್ತದೆ. ಕೀರಲು ದನಿ ಬೇಟೆಯ ಪ್ರಾಣಿಯ ಕೂಗನ್ನು ಹೋಲುವುದರಿಂದ ಇದು ಸಣ್ಣ ಲಾಭವೇನಲ್ಲ. ವಾಸನೆಯನ್ನು ಗೋಡೆ ತಡೆಯಲಾರದು, ತಡೆಯಬೇಕಾದುದೂ ಇಲ್ಲ.

ಓಣಿಗೆ ಕರೆದೊಯ್ಯಲೇಬೇಕಲ್ಲ, ಆಗ? ಹಗ್ಗ ಗಿಡ್ಡವಾಗಿರಲಿ, ಒಂದೂವರೆ ಮೀಟರು ಸಾಕು. ಕೊರಳಪಟ್ಟಿಯ ಬದಲು ಎದೆಯನ್ನು ಸುತ್ತುವ ಪಟ್ಟಿ ಬೇಕು. ನಾಲ್ಕು ಕಿಲೋಗ್ರಾಮಿನ ನಾಯಿಯನ್ನು ಅರ್ಧ ಸೆಕೆಂಡಿನಲ್ಲಿ ಒಂದು ಮೀಟರು ಎತ್ತಿದರೆ ಪಟ್ಟಿಯ ಮೇಲೆ ಬೀಳುವ ಎಳೆತ ಏಳು ಕಿಲೋಗ್ರಾಮಿನ ಭಾರಕ್ಕೆ ಸಮ. ಅದನ್ನು ಕೊರಳು ತಾಳಲಾರದು, ಎದೆ ತಾಳೀತು. ಬೆನ್ನ ಮೇಲೆ ಹಿಡಿಕೆಯಿರುವ ಪಟ್ಟಿಯಾದರೆ ಪೂರ್ತಿ ಬಾಗುವ ಕೆಲಸ ತಪ್ಪಿ ಅರ್ಧ ಸೆಕೆಂಡಿಗಿಂತ ಹೆಚ್ಚು ಉಳಿಯಿತು. ಎತ್ತಿಕೊಂಡ ಮೇಲೆ ಓಡಬಾರದು. ಓಡಿದರೆ ನಾವೇ ಬೇಟೆ. ಬಾಗಿಲೋ ಎತ್ತರದ ಕಟ್ಟೆಯೋ ಹತ್ತಿರವಿದ್ದರೆ ಬೆನ್ನು ತಿರುಗಿಸದೆ ಅತ್ತ ಸರಿಯಬೇಕು.

ಕೈಯಲ್ಲಿ ಕೋಲಿಗಿಂತ ಕೊಡೆ ಮೇಲೆಂಬುದು ನಮ್ಮ ಅಭಿಪ್ರಾಯ. ಕೋಲು ತಾಗಿದ ನಾಯಿ ಇನ್ನಷ್ಟು ಬಿಗಿಯಾಗಿ ಕಚ್ಚುವುದುಂಟು. ಕೊಡೆಯನ್ನು ಎದುರಿಗೆ ಫಕ್ಕನೆ ಬಿಚ್ಚಿದರೆ ಅಂಗೈಯಗಲದ ವಸ್ತು ಕಣ್ಣ ಮುಂದೆ ಒಂದು ಮೀಟರಾಗಿ ಉಬ್ಬುತ್ತದೆ. ಮೇಲೆ ಬೀಳುವಂತೆ ಬೆಳೆಯುವ ಬಿಂಬಕ್ಕೆ ಹೆಚ್ಚಿನ ಪ್ರಾಣಿಗಳು ಹಿಂಜರಿಯುತ್ತವೆ. ಹಿಂಜರಿಯದಿದ್ದರೂ ಹಿಂದಿರುವ ಸಣ್ಣ ನಾಯಿ ಮರೆಯಾಯಿತು. ಆಗಲೇ ಕಚ್ಚಿ ಹಿಡಿದಿದ್ದರೆ ನಡುವೆ ಕೈ ಹಾಕುವುದು ಹುಚ್ಚುತನ. ಕೊಡದ ನೀರನ್ನು ಮುಖಕ್ಕೆ ಸುರಿಯುವುದು, ತಲೆಯ ಮೇಲೆ ಕಂಬಳಿ ಎಸೆಯುವುದು ಇವೇ ದಾರಿ.

ಮೊಳೆಯ ಕೊರಳಪಟ್ಟಿಯ ಉಪಾಯವೂ ಹಳೆಯದು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ಲೇಖಕ ವಾರೋ, ಕುರಿನಾಯಿಗಳಿಗೆ ತೋಳನಿಂದ ರಕ್ಷಣೆಯಾಗಿ ಮೊಳೆ ಹೊಡೆದ ಚರ್ಮದ ಪಟ್ಟಿಯನ್ನೂ, ಮೊಳೆಯ ತಲೆ ಕೊರಳಿಗೆ ಒತ್ತದಂತೆ ಒಳಗೆ ಹೊಲಿಯುವ ಮೆತ್ತನೆಯ ಚರ್ಮವನ್ನೂ ವರ್ಣಿಸಿದ್ದಾನೆ. ಬಲವನ್ನು ಸಣ್ಣ ಬಿಂದುವಿನಲ್ಲಿ ಕೂಡಿಸಿದರೆ ಒತ್ತಡ ಹೆಚ್ಚುವುದೆಂಬ ತತ್ತ್ವವನ್ನು ಕಚ್ಚುವವನ ಮೇಲೆಯೇ ತಿರುಗಿಸುವ ಜಾಣತನವಿದು. ಆದರೆ ನಾಲ್ಕು ಕಿಲೋಗ್ರಾಮಿನ ನಾಯಿಯ ಬೆನ್ನು ಹೊಟ್ಟೆಗಳೆಲ್ಲ ಒಂದೇ ಬಾಯಿಗೆ ಹಿಡಿಸುವಂಥವು. ಕೊರಳೊಂದನ್ನು ಕಾದು ಪ್ರಯೋಜನ ಕಡಮೆ. ದಪ್ಪ ಅಂಗಿ ತೊಡಿಸಿದರೆ ಹಲ್ಲು ತಡೆದೀತು, ಡಿಕ್ಕಿ ಮತ್ತು ಕೊಡಹುವಿಕೆ ತಡೆಯವು.

ಕಾನೂನಿನ ಮಾತು ಬರುತ್ತದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯ ವಿಷಯದಲ್ಲಿ ಅಜಾಗರೂಕನಾದವನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಆ ಕಲಮು ಹೇಳುವುದು ಮನುಷ್ಯರ ಜೀವಕ್ಕೂ ತೀವ್ರ ಗಾಯಕ್ಕೂ ಸಂಬಂಧಿಸಿದ ಅಪಾಯವನ್ನು. ಸಣ್ಣ ನಾಯಿ ಅದರಲ್ಲಿಲ್ಲ. ತಳಿಗಳನ್ನೇ ನಿಷೇಧಿಸುವ ಯತ್ನವೂ ನಡೆಯಿತು. 2024ರ ಮಾರ್ಚಿಯಲ್ಲಿ ಕೇಂದ್ರ ಸರಕಾರ ಇಪ್ಪತ್ತಮೂರು ತಳಿಗಳ ವಿರುದ್ಧ ಹೊರಡಿಸಿದ ಸುತ್ತೋಲೆಯನ್ನು ಏಪ್ರಿಲ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ರದ್ದುಪಡಿಸಿತು. ಆ ಪಟ್ಟಿಯಲ್ಲಿ ಮುಧೋಳದ ನಾಯಿ ಇರಲೂ ಇಲ್ಲ.

ನಮ್ಮ ಓಣಿಯಲ್ಲಿ ಕಾನೂನಿಗಿಂತ ಉಪಯೋಗಕ್ಕೆ ಬಂದುದು ರೈಲ್ವೆಯ ಒಂದು ಹಳೆಯ ಪದ್ಧತಿ. ಒಂಟಿ ಹಳಿಯ ದಾರಿಯಲ್ಲಿ ಎರಡು ಗಾಡಿಗಳು ಎದುರುಬದುರಾಗದಂತೆ, ಟೋಕನ್ ಕೈಯಲ್ಲಿರುವ ಚಾಲಕ ಮಾತ್ರ ಮುಂದೆ ಹೋಗಬೇಕೆಂಬ ಕಟ್ಟಳೆಯಿತ್ತು. ನಾಯಿ ಸಾಕಿದ ನೆರೆಯವರೊಡನೆ ಕುಳಿತು ಮಾತಾಡಿ, ಓಣಿಯ ನಡುಗೋಡೆಗೆ ಒಂದು ಗೂಟ ಹೊಡೆದು ಹಳೆಯ ಲಾಳಿಯೊಂದನ್ನು ತೂಗಹಾಕಿದೆವು. ಲಾಳಿ ಕೈಯಲ್ಲಿದ್ದವನ ನಾಯಿ ಓಣಿಯಲ್ಲಿ. ಉಳಿದವರ ನಾಯಿ ಮನೆಯಲ್ಲಿ. ಮೊದಲ ವಾರ ಜನ ನಕ್ಕರು. ಈಗ ಗೂಟ ಬರಿದಾಗಿದ್ದರೆ ಮಕ್ಕಳೇ ಗೇಟು ಮುಚ್ಚುತ್ತಾರೆ. ಬೇಟೆನಾಯಿಗಳನ್ನು ದಿನವಿಡೀ ಕಟ್ಟಿಹಾಕಿರೆಂದು ನಾವು ಕೇಳಲಿಲ್ಲ, ಕೇಳಲೂಬಾರದು. ಓಡಲೆಂದು ಹುಟ್ಟಿದ ಪ್ರಾಣಿಯನ್ನು ಸರಪಳಿಗೆ ಕಟ್ಟಿದರೆ ಅದರ ಕೆರಳಿಕೆ ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಬೆಳಗಿನ ಜಾವ ಅವು ಹೊಲದಲ್ಲಿ ಓಡಿ ಬಂದ ದಿನ ಓಣಿ ಶಾಂತವಾಗಿರುವುದನ್ನು ಎಲ್ಲರೂ ಕಂಡಿದ್ದಾರೆ.

ಆ ಮನೆಯ ಹೆಣ್ಣುನಾಯಿ ಈಗ ನಾಲ್ಕು ಮರಿ ಹಾಕಿದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ನಾಯಿಮರಿಗಳನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಂತೆ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಮರಿ ಯಾರನ್ನು ಒಡನಾಡಿಯಾಗಿ ಕಾಣುವುದೋ ಅವರನ್ನು ಮುಂದೆಯೂ ತನ್ನವರೆಂದು ಎಣಿಸುತ್ತದೆ. ಮರಿಗಳಿಗೆ ಲಸಿಕೆ ಆರಂಭವಾಗುವುದು ಆರರಿಂದ ಎಂಟನೆಯ ವಾರದಲ್ಲಿ. ಅಲ್ಲಿಂದ ಹನ್ನೆರಡನೆಯ ವಾರದವರೆಗೆ ಉಳಿಯುವುದು ನಾಲ್ಕಾರು ವಾರಗಳಷ್ಟೆ. ಲಸಿಕೆ ಪೂರ್ತಿ ಹಾಕಿಸಿಕೊಂಡಿರುವ ನಮ್ಮ ನಾಯಿಯನ್ನು ಆ ವಾರಗಳಲ್ಲಿ ದಿನಕ್ಕೆ ಅರ್ಧ ಗಂಟೆ, ತಾಯಿನಾಯಿ ಹೊಲಕ್ಕೆ ಹೋದ ಹೊತ್ತಿನಲ್ಲಿ, ಮರಿಗಳ ಬಳಿಗೆ ಒಯ್ಯುವುದೆಂದು ನೆರೆಯವರೊಡನೆ ನಿಶ್ಚಯವಾಗಿದೆ. ಮರಿಗಳಿಗೆ ಇಂದಿಗೆ ಐದು ವಾರ. ಒಂದೊಂದರ ತೂಕ ನಮ್ಮ ನಾಯಿಗಿಂತ ಕಡಮೆ.